ಒಲೆ ಹಚ್ಚಬೇಕಾದವರು

ವಿನ್ಸ್ಲೋ ಕ್ರೀಕ್, ಕ್ವೀನ್ಸ್‌ಲ್ಯಾಂಡ್
ಶನಿವಾರ, ೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಅಮ್ಮಾ,

ಮೊದಲು ನಿನ್ನ ಮಂಡಿಯ ಸಮಾಚಾರ ತಿಳಿಸು. ಫೋನಿಗೆ ಸಿಗ್ನಲ್ ಸಿಗಲಿ ಅಂತ ದಿನಾ ಗುಡ್ಡ ಹತ್ತುತ್ತಿದ್ದೀಯಂತೆ. ಅದು ಎಪ್ಪತ್ತೈದರ ಹೆಂಗಸು ಹತ್ತುವ ಗುಡ್ಡವಲ್ಲ, ಮೇಕೆಗಳೂ ಅರ್ಧಕ್ಕೆ ನಿಂತು ಯೋಚನೆ ಮಾಡುತ್ತವೆ ಅಂತ ಅಲ್ಲಿಂದ ಇಲ್ಲಿಗೆ ಕಬ್ಬಿನ ಕೆಲಸಕ್ಕೆ ಬಂದಿರುವ ನಮ್ಮ ಸೈಲಸ್ ಹೇಳಿದ. ಬಿಪಿ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀಯ ತಾನೆ? ಮುಗಿದಿರಬಹುದು ಅಂತ ಇನ್ನೊಂದು ಡಬ್ಬಿ ಕಳಿಸುತ್ತಿದ್ದೇನೆ. ಜೊತೆಗೆ ನಿನ್ನ ಹತ್ತಿಯ ಗೌನು, ಎರಡು ಪೊಟ್ಟಣ ಚಹಾ, ಹೇಜಲ್ ಚಿಕ್ಕಮ್ಮ ಹೆಣೆದ ಸ್ವೆಟರ್. ಸದಾ ಸೆಖೆಯಿರುವ ಪೆಂಟೆಕೋಸ್ಟ್ ದ್ವೀಪದಲ್ಲಿ, ತಾತನ ಊರಲ್ಲಿ, ಸ್ವೆಟರ್ ಯಾಕೆ ಬೇಕು ಅಂತ ಕೇಳಿದೆ. "ಅಕ್ಕ ಹೋಗಿದ್ದು ಎರಡು ವಾರಕ್ಕೆ. ಮೂರು ತಿಂಗಳಾಯ್ತು. ಹೀಗೇ ಬಿಟ್ಟರೆ ಮುಂದಿನ ಚಳಿಗಾಲಕ್ಕೂ ಅಲ್ಲೇ ಇರ್ತಾಳೆ" ಅಂದಳು. ಸ್ವೆಟರ್ ಹಾಕಿಕೊಳ್ಳಬೇಡ, ಆದರೆ ಹಾಕಿಕೊಂಡೆ ಅಂತ ಹೇಳು. ಇವೆಲ್ಲ ನಿನಗೆ ತಲುಪುವುದು ಸೈಲಸ್‌ನ ಜೊತೆ ಕಬ್ಬಿನ ಕೆಲಸ ಮಾಡುವ ಹುಡುಗನೊಬ್ಬನ ಕೈಯಲ್ಲಿ. ಅವನ ಕರಾರು ಮುಗಿದಿದೆ, ಮಂಗಳವಾರದ ವಿಮಾನಕ್ಕೆ ಊರಿಗೆ ಹೊರಡುತ್ತಾನೆ. ನಮ್ಮ ಮನೆಯಲ್ಲಿ ಎಲ್ಲರೂ ಸೌಖ್ಯ. ನಿನ್ನ ಕೋಳಿಗಳು ನನ್ನ ಮಾತು ಕೇಳುವುದಿಲ್ಲ, ನನ್ನನ್ನು ನೋಡಿದರೆ ಬಾಡಿಗೆಗೆ ಬಂದವಳ ಹಾಗೆ ನಡೆಸಿಕೊಳ್ಳುತ್ತವೆ.

ಈಗ ಸುದ್ದಿ. ಮೊನ್ನೆ ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲಿ ಲೈನು ಕಟ್ಟಾಯಿತು. ನೀನು ಕೇಳಿಸಿಕೊಂಡದ್ದು "ಮೇಯರ್ ಕ್ಷಮೆ ಕೇಳಿದರು, ನಾನು ತಗೊಳ್ಳಲಿಲ್ಲ" ಅನ್ನುವಷ್ಟೇ ಇರಬೇಕು. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಅಂದಿನಿಂದ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ನನಗೇ ದಿನಕ್ಕೊಂದು ಥರ ಕಾಣುತ್ತದೆ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ. ನೀನೇ ತೀರ್ಮಾನ ಮಾಡು.

ನೀನು ಇಲ್ಲಿಂದ ಹೊರಟದ್ದು ಯಾವ ಸಿಟ್ಟಿನಲ್ಲಿ ಅನ್ನುವುದನ್ನು ನಾನು ಮರೆತಿಲ್ಲ. ಈಸ್ಟರ್ ದಿನ ಕೈಯಲ್ಲಿ ಹೂ ಹಿಡಿದು ಗ್ರೇಮ್ ಆಲ್ಡರ್ಸನ್‌ನ ಕಬ್ಬಿನ ಗದ್ದೆಯ ಗೇಟಿನ ಹತ್ತಿರ ಹೋಗಿದ್ದೆವು. ಗದ್ದೆಯ ಆ ತುದಿಯಲ್ಲಿ, ಹಳ್ಳದ ದಡದ ಮಾವಿನ ಮರದ ಕೆಳಗೆ ನಿನ್ನ ತಾತ ತಾಬಿ ಮಲಗಿದ್ದಾನೆ. ಅವನ ಜೊತೆ ದ್ವೀಪದಿಂದ ಹಡಗಿನಲ್ಲಿ ಬಂದವರೂ ಅಲ್ಲೇ ಇದ್ದಾರೆ. ಗ್ರೇಮ್‌ನ ಅಪ್ಪನ ಕಾಲದಿಂದಲೂ ಪ್ರತಿ ಸಲ ಬೀಗದ ಕೈ ಕೇಳಿಯೇ ಒಳಗೆ ಹೋಗುವುದು ನಮ್ಮ ಪಾಡು. ಆ ದಿನ ಅವನ ಮ್ಯಾನೇಜರು, ಈಗ ವಿಮೆಯ ಕಾಗದಕ್ಕೆ ಸಹಿ ಹಾಕದೆ ಯಾರನ್ನೂ ಬಿಡುವುದಿಲ್ಲ, ಇನ್ನೊಂದು ದಿನ ಬನ್ನಿ ಅಂದ. ನೀನು ಜಗಳವಾಡಲಿಲ್ಲ. ಹೂವನ್ನು ಗೇಟಿಗೇ ಸಿಕ್ಕಿಸಿ ತಿರುಗಿದೆ. ಮನೆಗೆ ಬಂದು ಕಾಲು ತೊಳೆಯುತ್ತಾ, "ಬೀಗದ ಕೈ ಕೇಳದೆ ನನ್ನ ತಾತನ ಹತ್ರ ಹೋಗೋ ದಿನ ಬಂದರೆ ಕರೀ, ಬರ್ತೀನಿ. ಅಲ್ಲೀವರೆಗೂ ತಾತನ ಊರಲ್ಲೇ ಇರ್ತೀನಿ" ಅಂದೆ. ನಾನು ಅದನ್ನು ಮಾತಿಗೆ ಅಂದದ್ದು ಅಂದುಕೊಂಡೆ. ಜೂನ್‌ನಲ್ಲಿ ನೀನು ವಿಮಾನ ಹತ್ತಿದಾಗಲೂ ಹಾಗೇ ಅಂದುಕೊಂಡೆ.

ನೀನು ಹೋಗಿ ತಿಂಗಳೂ ಆಗಿರಲಿಲ್ಲ, ಕೌನ್ಸಿಲ್‌ನಿಂದ ಸುದ್ದಿ ಬಂತು. ಆಗಸ್ಟ್ ಕೊನೆಯ ಭಾನುವಾರ ಹಳೇ ಸಕ್ಕರೆ ಗಿರಣಿಯ ಮೈದಾನದಲ್ಲಿ ಮೇಯರ್ ಬ್ರೆಂಡಾ ಕೋಲ್, ನಮ್ಮ ತಾತಂದಿರನ್ನು ಹಿಡಿದು ತಂದು ದುಡಿಸಿದ್ದಕ್ಕೆ ಊರಿನ ಪರವಾಗಿ ಕ್ಷಮೆ ಕೇಳುತ್ತಾರೆ, ಕ್ಯಾನ್‌ಬೆರಾದಿಂದ ಸರ್ಕಾರದ ಪ್ರತಿನಿಧಿಯೂ ಬರುತ್ತಾರೆ, ದ್ವೀಪದ ಕುಟುಂಬಗಳ ಪರವಾಗಿ ಒಬ್ಬರು ಉತ್ತರ ಹೇಳಬೇಕು ಅಂತ. ಹಿರಿಯರೆಲ್ಲ ನಿನ್ನ ಹೆಸರು ಹೇಳಿದರು. ನೀನಿಲ್ಲ ಅಂತ ಗೊತ್ತಾದ ಮೇಲೆ ನನ್ನ ಕಡೆ ತಿರುಗಿದರು. ನನಗೆ ಯಾವ ಯೋಗ್ಯತೆ ಅಂತ ಕೇಳಿದೆ. ಹೇಜಲ್ ಚಿಕ್ಕಮ್ಮ, "ನಮ್ಮ ಬಾಯಲ್ಲಿ ಇಂಗ್ಲಿಷ್ ಬರೀ ಕಾಲಲ್ಲಿ ಓಡಾಡುತ್ತೆ ಕಣೇ. ನಿನ್ನ ಬಾಯಲ್ಲಾದರೆ ಬೂಟು ಪಾಲಿಶ್ ಮಾಡ್ಕೊಂಡು ಬರುತ್ತೆ. ಕ್ಯಾನ್‌ಬೆರಾದವರು ಬೂಟು ನೋಡೇ ಮಾತಾಡಿಸೋದು" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು. ಆ ಹೆಮ್ಮೆ ನನಗೆ ಇಷ್ಟವಾಗಲಿಲ್ಲ. ನನಗೆ ಗ್ರಂಥಾಲಯದಲ್ಲಿ ಖಾಯಂ ಕೆಲಸವಿದೆ, ನನ್ನದೇ ಮನೆಯಿದೆ, ವಯಸ್ಸಾದ ಮೇಲೆ ಪಿಂಚಣಿ ಬರುತ್ತದೆ. ಅಪ್ಪ ಐವತ್ತೆಂಟಕ್ಕೇ ಸಕ್ಕರೆ ಕಾಯಿಲೆಯಲ್ಲಿ ಹೋದರು. ಅವರು ಯಾರ ಕಬ್ಬು ಕಡಿದರೋ ಆ ಗ್ರೇಮ್‌ನ ಅಪ್ಪ ತೊಂಬತ್ತರವರೆಗೆ ದಿನಾ ಸಂಜೆ ಗಾಲ್ಫ್ ಆಡಿದರು. ಆ ಅಂತರದ ಬಗ್ಗೆ ಮಾತಾಡುವುದಕ್ಕೆ, ಅದನ್ನು ಹೆಚ್ಚುಕಡಿಮೆ ದಾಟಿ ಬಂದವಳನ್ನೇ ನಿಲ್ಲಿಸುತ್ತಾರಲ್ಲ ಅನ್ನಿಸಿತು.

ಆದರೂ ಬರೆಯಲು ಕೂತೆ. ಬರೆದದ್ದನ್ನೆಲ್ಲ ಹರಿದೆ. "ಒಪ್ಪಿಕೊಳ್ಳುತ್ತೇವೆ" ಅಂದರೆ ಇಷ್ಟು ಅಗ್ಗವಾಗಿ ಬಿಟ್ಟುಕೊಟ್ಟೆವಲ್ಲ ಅನ್ನಿಸುತ್ತಿತ್ತು. "ಒಪ್ಪುವುದಿಲ್ಲ" ಅಂದರೆ, ಬಾಗಿಲಿಗೆ ಬಂದವರನ್ನು ಬೈದು ಕಳಿಸಿದ ಹಾಗೆ. ನಿನ್ನನ್ನು ಕೇಳೋಣ ಅಂತ ಫೋನ್ ಮಾಡಿದ್ದು ನೆನಪಿದೆಯಾ? ನೀನು ನನ್ನ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಹಂದಿಯ ಕಥೆ ಶುರು ಮಾಡಿದೆ. ಪಕ್ಕದ ಮನೆಯವರ ಹಂದಿ ನುಗ್ಗಿ, ನೀನು ಉಳಿದುಕೊಂಡಿರುವ ಮನೆಯ ಹೊಸೇಯ ಮಾವನ ಗೆಡ್ಡೆಯ ಮಡಿಗಳನ್ನೆಲ್ಲ ಅಗೆದು ಹಾಕಿತ್ತಂತೆ. ಆ ಮನೆಯವರು ತಮ್ಮ ಸೌದೆ, ತಮ್ಮ ಹಂದಿ, ರಾಜಿಗೆ ಹಾಸುವ ಕೆಂಪು ಚಾಪೆ ಎಲ್ಲ ಹೊತ್ತು ತಂದು ಮಾವನ ಅಂಗಳದಲ್ಲೇ ಹೊಂಡ ತೋಡಿ ಬೇಯಿಸಿದರಂತೆ. ಅವತ್ತು ಅತ್ತೆ ಒಲೆ ಹಚ್ಚುವ ಹಾಗಿರಲಿಲ್ಲವಂತೆ, ನೀನು ಚಹಾ ಕಾಯಿಸಲು ಹೋದರೆ ಕೈ ಹಿಡಿದು ನಿಲ್ಲಿಸಿದರಂತೆ. ಊಟ ಯಾವಾಗ ಅನ್ನುವುದನ್ನು ಹೇಳಬೇಕಾದವನು ಮಾವನೊಬ್ಬನೇ. ಅವನು ಸಂಜೆಯವರೆಗೂ ಹೇಳಲಿಲ್ಲ, ಎಲ್ಲರ ಹೊಟ್ಟೆ ತಾಳ ಹಾಕಿತು ಅಂತ ಹೇಳಿ ನೀನು ಗಹಗಹಿಸಿ ನಕ್ಕೆ. ನನಗೆ ರೇಗಿತ್ತು. "ನಾನು ದೇಶದ ವಿಷಯ ಕೇಳಿದರೆ ನೀನು ಹಂದಿಯ ವಿಷಯ ಹೇಳ್ತೀಯಲ್ಲ" ಅಂದೆ. ಅಷ್ಟರಲ್ಲಿ ಲೈನು ಹೋಯಿತು. ನಾನೇ ಎರಡು ಹಾಳೆಯ ಉತ್ತರವೊಂದನ್ನು ಹೇಗೋ ಹೊಂದಿಸಿದೆ. ಯಾರಿಗೂ ನೋವಾಗದ, ಯಾರಿಗೂ ನೆನಪೂ ಉಳಿಯದ ಉತ್ತರ.

ಆ ಭಾನುವಾರ ನೀನು ಇರಬೇಕಿತ್ತು ಅಮ್ಮಾ. ನಮ್ಮವರೆಲ್ಲ ಬಂದಿದ್ದರು. ಹೇಜಲ್ ಚಿಕ್ಕಮ್ಮ ಬೆಳಕು ಹರಿಯುವ ಮೊದಲೇ ಮೈದಾನದ ಮೂಲೆಯಲ್ಲಿ ಹೊಂಡ ತೋಡಿಸಿ, ಸೌದೆ ಹಚ್ಚಿಸಿ, ಕಲ್ಲು ಕಾಯಿಸಿ, ಎರಡು ಹಂದಿ, ರಾಶಿ ಕೋಳಿ, ಗೆಣಸು, ಕುಂಬಳ, ತುರಿದ ಗೆಡ್ಡೆಗೆ ಕಾಯಿಹಾಲು ಸುರಿದು ಬಾಳೆ ಎಲೆಯಲ್ಲಿ ಕಟ್ಟಿದ ಲಪ್‌ಲಪ್, ಎಲ್ಲವನ್ನೂ ಇಳಿಸಿ ಒದ್ದೆ ಗೋಣಿ ಹೊದಿಸಿ ಮಣ್ಣು ಮುಚ್ಚಿಸಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಇಷ್ಟು ಜನ ಸೇರುವಾಗ ಹೊಂಡ ಮುಚ್ಚದೆ ಇರುವುದು ಅವಳ ಕೈಲಾಗುವುದಿಲ್ಲ. ಸೈಲಸ್ ಮತ್ತು ಅವನ ಜೊತೆಯವರು ಸೌದೆ ಒಡೆದಿದ್ದರು. ಕೌನ್ಸಿಲ್‌ನವರು ತಂದದ್ದು ಒಂದು ದೊಡ್ಡ ಚಹಾದ ಫ್ಲಾಸ್ಕು, ನಾಲ್ಕು ಡಬ್ಬಿ ಬಿಸ್ಕತ್ತು. ಚಿಕ್ಕಮ್ಮ ಡಬ್ಬಿಯನ್ನು ಅಲ್ಲಾಡಿಸಿ, "ನೂರಿಪ್ಪತ್ತು ವರ್ಷಕ್ಕೆ ಇಷ್ಟೇನಾ? ಕ್ರೀಮಾದರೂ ಇರೋದು ತರಬಾರದಿತ್ತಾ" ಅಂದಳು, ಮೇಯರ್‌ಗೆ ಕೇಳಿಸುವ ಹಾಗೆ. ಪಾಪ, ಮೇಯರ್ ಕೆಂಪಗಾದರು.

ಮೇಯರ್ ಚೆನ್ನಾಗಿಯೇ ಮಾತಾಡಿದರು. ಮುಚ್ಚಿಡಲಿಲ್ಲ. ಸಮುದ್ರತೀರದಲ್ಲಿ ಆಡುತ್ತಿದ್ದವರನ್ನು ಹಡಗಿಗೆ ಎಳೆದು ತಂದದ್ದು, ಈ ಊರಿನ ಬೀದಿ, ಗಿರಣಿ, ಚರ್ಚು ಎಲ್ಲ ಆ ಬೆವರಿನ ಮೇಲೆ ನಿಂತದ್ದು, ಕೆಲಸ ಮುಗಿದ ಮೇಲೆ ಅವರನ್ನು ದೇಶದಿಂದಲೇ ಹೊರಗಟ್ಟಲು ಕಾನೂನು ಮಾಡಿದ್ದು, ನಮ್ಮ ತಾತ ಪೊದೆಯಲ್ಲಿ ಅಡಗಿ ಉಳಿದುಕೊಂಡದ್ದು, ಎಲ್ಲ ಹೇಳಿದರು. "ನನ್ನನ್ನು ಕ್ಷಮಿಸಿ, ಈ ಊರನ್ನು ಕ್ಷಮಿಸಿ" ಅಂದರು. ಆಮೇಲೆ ಕ್ಯಾನ್‌ಬೆರಾದವರು ಎದ್ದರು. ನೀಲಿ ಟೈ ಕಟ್ಟಿದ, ನನ್ನದೇ ವಯಸ್ಸಿನ, ಮೆದುವಾದ ಮನುಷ್ಯ. ದೇಶವು "ಕರಾರಿನ ಕೆಲಸಗಾರರ" ಕಷ್ಟಕ್ಕೆ "ವಿಷಾದ ವ್ಯಕ್ತಪಡಿಸುತ್ತದೆ" ಅಂತ ಓದಿದರು. ಮುಂದಿನ ಸಾಲಿನಿಂದಲೇ ಚಿಕ್ಕಮ್ಮ, "ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡಾಗ ನಮ್ಮ ತಾತನಿಗೆ ಹನ್ನೆರಡು ವರ್ಷ ಕಣಪ್ಪ. ಅದು ಕರಾರಲ್ಲ, ಜೀತ. ಆ ಮಾತು ನಿಮ್ಮ ಹಾಳೇಲಿ ಇಲ್ವಾ?" ಅಂದಳು. ಆತ ಹಾಳೆಯನ್ನು ಒಮ್ಮೆ ನೋಡಿ, "ಇಲ್ಲಮ್ಮ. ಆ ಮಾತಿಗೂ, ಕ್ಷಮೆ ಅನ್ನುವ ಮಾತಿಗೂ ನನಗೆ ಅನುಮತಿ ಸಿಕ್ಕಿಲ್ಲ" ಅಂದರು. ಅಷ್ಟು ಪ್ರಾಮಾಣಿಕವಾಗಿ ಹೇಳಿದರು ಅಂದರೆ ಯಾರಿಗೂ ಬೈಯಲು ಬಾಯಿ ಬರಲಿಲ್ಲ. ಚಿಕ್ಕಮ್ಮನೇ, "ಪಾಪ, ಕೂತ್ಕೊಳ್ಳಪ್ಪ, ಬಿಸ್ಕತ್ತು ತಿನ್ನು" ಅಂದಳು.

ಆಮೇಲೆ ನನ್ನ ಸರದಿ. ಎರಡು ಹಾಳೆ ಹಿಡಿದು ಮೈಕಿನ ಮುಂದೆ ನಿಂತೆ. ಸರಿಯಾಗಿ ಆಗ ಗಾಳಿ ತಿರುಗಿತು. ಹೊಂಡದ ಅಂಚಿನಿಂದ ಹಬೆ ನುಸುಳಿ ಬಂದು, ಬಾಳೆ ಎಲೆ ಸುಟ್ಟ ಘಮ, ಕಾಯಿಹಾಲಿನ ಘಮ, ಹಂದಿಯ ಕೊಬ್ಬು ಕರಗುವ ಘಮ ಇಡೀ ಮೈದಾನಕ್ಕೆ ಹಬ್ಬಿತು. ಮುಂದಿನ ಸಾಲಿನಲ್ಲಿ ಕೂತ ಕೌನ್ಸಿಲರುಗಳು ಮೂಗರಳಿಸಿ ಆ ಕಡೆ ಕತ್ತು ತಿರುಗಿಸಿದರು. ನನಗೆ ನಿನ್ನ ಹಂದಿಯ ಕಥೆ ನೆನಪಾಯಿತು. ಚಹಾ ಕಾಯಿಸಲು ಹೋದ ನಿನ್ನ ಕೈಯನ್ನು ಅತ್ತೆ ಹಿಡಿದದ್ದು ಕಣ್ಣಿಗೆ ಕಟ್ಟಿತು. ನನ್ನ ಹಾಳೆಯ ಮೊದಲ ಸಾಲು ಬಾಯಿಗೆ ಬರಲೇ ಇಲ್ಲ. ಬದಲಿಗೆ ಬಂದದ್ದು, "ನಾವೊಂದು ತಪ್ಪು ಮಾಡಿಬಿಟ್ಟಿದ್ದೇವೆ. ಅಡುಗೆ ನಾವು ಮಾಡಿದ್ದೇವೆ" ಅನ್ನುವ ಮಾತು.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ನಮ್ಮ ತಾತನ ಊರಲ್ಲಿ ಕ್ಷಮೆ ಕೇಳುವವರೇ ಒಲೆ ಹಚ್ಚಬೇಕು, ನೊಂದವರು ಅಂದು ಬೆಂಕಿ ಕಡ್ಡಿ ಕೂಡ ಗೀರುವ ಹಾಗಿಲ್ಲ ಅಂತ ನಾನು ಹೇಳುತ್ತಿದ್ದ ಹಾಗೆ ಸೈಲಸ್ ಹಿಂದಿನಿಂದ ಜೋರಾಗಿ ಕೂಗಿದ. "ಹೌದಲ್ಲಕ್ಕಾ! ಬೆಳಿಗ್ಗೆಯಿಂದ ಏನೋ ಎಡವಟ್ಟಾಗ್ತಿದೆ ಅನ್ನಿಸ್ತಾನೇ ಇತ್ತು, ಸೌದೆ ಒಡೆಯೋ ಗಡಿಬಿಡೀಲಿ ಹೊಳೀಲಿಲ್ಲ!" ಹೇಜಲ್ ಚಿಕ್ಕಮ್ಮ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ದೇವರೇ! ಅಂದ್ರೆ ನಾವೇ ಇವರ ಹತ್ರ ಕ್ಷಮೆ ಕೇಳಿಬಿಟ್ವಾ? ಎರಡು ಹಂದಿ ಹಾಕಿ!" ಅಮ್ಮಾ, ನಮ್ಮ ಜನ ಹಾಗೆ ನಕ್ಕದ್ದನ್ನು ನಾನು ಎಂದೂ ನೋಡಿಲ್ಲ. ಮುದುಕರು ಕುರ್ಚಿ ಹಿಡಿದುಕೊಂಡು ನಕ್ಕರು. ಮೇಯರ್‌ಗೆ ನಗಬಹುದೋ ಬಾರದೋ ಗೊತ್ತಾಗದೆ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ನೀಲಿ ಟೈಯವರು ಮಾತ್ರ ಅನುಮತಿಗೆ ಕಾಯಲಿಲ್ಲ, ಹೊಟ್ಟೆ ಹಿಡಿದು ನಕ್ಕರು.

ನಗು ಇಳಿದ ಮೇಲೆ ನಾನು ಹೇಳಿದ್ದು ಇಷ್ಟು, ಆದಷ್ಟು ನೆನಪಿಟ್ಟು ಬರೆಯುತ್ತೇನೆ. ಇವತ್ತು ನೀವು ನಮ್ಮ ಅತಿಥಿಗಳು. ನಮ್ಮ ಊಟ ಉಣ್ಣಿ, ಹೊಟ್ಟೆ ತುಂಬ ಉಣ್ಣಿ. ನಿಮ್ಮ ಮಾತು ಕೇಳಿಸಿಕೊಂಡೆವು, ಅದು ಒಳ್ಳೆಯ ಮಾತು. ಆದರೆ ಅದಕ್ಕೆ ಇವತ್ತು ಉತ್ತರ ಕೊಡಲು ನಮಗೆ ಆಗುವುದಿಲ್ಲ, ಯಾಕೆಂದರೆ ಒಲೆ ನಮ್ಮದು. ನೀವು ಅಡುಗೆ ಮಾಡಿದ ದಿನ ಉತ್ತರ ಕೊಡುತ್ತೇವೆ. ಆ ಅಡುಗೆ ಈ ಮೈದಾನದಲ್ಲಲ್ಲ, ನೊಂದವರ ಅಂಗಳದಲ್ಲಿ ಆಗಬೇಕು. ನೊಂದವರು ಮಲಗಿರುವುದು ಆಲ್ಡರ್ಸನ್ ಗದ್ದೆಯ ಮಾವಿನ ಮರದ ಕೆಳಗೆ. ಹಂದಿ, ಕಲ್ಲು, ಸೌದೆ ಎಲ್ಲ ಅಲ್ಲಿಗೆ ಹೋಗಬೇಕಾದರೆ ದಾರಿ ಬೇಕು. ದಾರಿ ಮಾಡುವುದೂ ಅಡುಗೆಯ ಭಾಗವೇ. ಇನ್ನೊಂದು ಮಾತು. ಅವತ್ತು ಬಡಿಸುವಾಗ ಬರೀ ಸತ್ತವರ ಮೊಮ್ಮಕ್ಕಳಿಗೆ ಬಡಿಸಿದರೆ ಸಾಲದು. ಇವತ್ತೂ ಅದೇ ದ್ವೀಪಗಳಿಂದ ಬಂದು ಅದೇ ಗದ್ದೆಗಳಲ್ಲಿ ದುಡಿದು, ಒಂದು ಕೋಣೆಯಲ್ಲಿ ಎಂಟು ಜನ ಮಲಗುವವರಿಗೂ ಬಡಿಸಬೇಕು. ಆಗ ಸೈಲಸ್ ಮತ್ತೆ ಕೂಗಿದ. "ಅಕ್ಕಾ, ನಮ್ಮ ಕ್ಯಾಬಿನ್ನಿಗೆ ಕ್ಷಮೆ ಕೇಳೋಕೂ ನೂರಿಪ್ಪತ್ತು ವರ್ಷ ಮಾಡಬೇಡಿ ಅಂತ ಹೇಳಿ. ಅಷ್ಟೊತ್ತಿಗೆ ನಾನಿರಲ್ಲ. ಈಗಲೇ ಒಂದು ಫ್ಯಾನು ಹಾಕಿಸಿದ್ರೆ ಸಾಕು!" ಮತ್ತೆ ನಗು. ಆದರೆ ಮೇಯರ್ ನಗಲಿಲ್ಲ, ಅವನ ಹತ್ತಿರ ಹೋಗಿ ಕ್ಯಾಬಿನ್ ಎಲ್ಲಿದೆ ಅಂತ ಕೇಳಿದರು. ಮಾರನೇ ವಾರವೇ ಹೋಗಿ ನೋಡಿ ಬಂದರಂತೆ. ಈಗ ಕೋಣೆಗೆ ನಾಲ್ಕೇ ಜನ. ಫ್ಯಾನು ಇನ್ನೂ ಬಂದಿಲ್ಲ.

ಊಟ ಚೆನ್ನಾಗಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ನೀಲಿ ಟೈಯವರು ಮೂರು ಸಲ ಲಪ್‌ಲಪ್ ಹಾಕಿಸಿಕೊಂಡರು. ಚಿಕ್ಕಮ್ಮ ಅವರಿಗೆ, "ನಿನ್ನ ದೇಶದ ಸರದಿ ಇನ್ನೂ ಬಾಕಿ ಇದೆ ಕಣಪ್ಪ. ಅದಕ್ಕೆ ತುಂಬಾ ದೊಡ್ಡ ಹೊಂಡ ಬೇಕಾಗುತ್ತೆ, ಹೋಗಿ ಹೇಳು" ಅಂದಳು. "ಹೇಳ್ತೀನಮ್ಮ, ಆದರೆ ಅವರು ಮೊದಲು ಹೊಂಡದ ಅಳತೆ ಬಗ್ಗೆ ಒಂದು ಸಮಿತಿ ಮಾಡ್ತಾರೆ" ಅಂದರು ಆತ. ಮೊನ್ನೆ ಅವರಿಂದ ಫೋನ್ ಬಂದಿತ್ತು. ಕ್ಷಮೆ ಅನ್ನುವ ಮಾತಿಗೆ ಅನುಮತಿ ಇನ್ನೂ ಸಿಕ್ಕಿಲ್ಲವಂತೆ. ಆದರೆ ನಮ್ಮೂರಿನವರು ಅಡುಗೆ ಮಾಡುವ ದಿನ ಸ್ವಂತ ರಜೆ ಹಾಕಿ ತೆಂಗಿನಕಾಯಿ ತುರಿಯಲು ಬರುತ್ತಾರಂತೆ. ಒಬ್ಬ ಮನುಷ್ಯ ಕಾಯಿ ತುರಿದರೆ ದೇಶದ ಋಣ ತೀರುವುದಿಲ್ಲ, ಅದು ಅವರಿಗೂ ಗೊತ್ತಿದೆ. ನನಗೆ ಖುಷಿಯಾದದ್ದು ಅದು ಅವರಿಗೆ ಗೊತ್ತಿರುವುದಕ್ಕೆ.

ಆದರೆ ಮಾರನೇ ದಿನ ನಮ್ಮವರಲ್ಲೇ ಕೆಲವರು ಗ್ರಂಥಾಲಯಕ್ಕೆ ಬಂದು ಮುಖ ಊದಿಸಿಕೊಂಡು ಕೇಳಿದರು. "ನಮ್ಮಮ್ಮ ಈ ಒಂದು ಮಾತಿಗಾಗಿ ಜೀವಮಾನ ಕಾದು ಸತ್ತಳು. ಕೊನೆಗೆ ಬಂದಾಗ ನೀನು, ಹೋಗಿ ಅಡುಗೆ ಮಾಡ್ಕೊಂಡು ಬನ್ನಿ ಅಂತ ವಾಪಸ್ ಕಳಿಸ್ತೀಯಾ? ಅವರು ಬರದಿದ್ರೆ?" ಅವರು ಬರದಿದ್ದರೆ ಆ ಮಾತೂ ಇಲ್ಲ, ಗೇಟೂ ಇಲ್ಲ, ನೀನೂ ಇಲ್ಲ. ಹೊಂಡದ ಘಮಕ್ಕೆ ಮರುಳಾಗಿ, ನಗಿಸಿದ ಸಂತೋಷದಲ್ಲಿ, ನನ್ನದಲ್ಲದ್ದನ್ನು ಪಣಕ್ಕಿಟ್ಟೆನೇನೋ ಅನ್ನಿಸಿತು. ದಾರಿಯ ವಿಷಯ ಕೌನ್ಸಿಲ್ ಸಭೆಗೆ ಹೋಯಿತು. ಗದ್ದೆಯ ಪಕ್ಕದ ಪಟ್ಟಿ ಕೌನ್ಸಿಲ್‌ನದೇ, ಅಲ್ಲಿ ಜಲ್ಲಿ ಹಾಕಿಸುತ್ತೇವೆ ಅಂತ ಒಪ್ಪಿದರು. ಆದರೆ ಗೇಟು ಗ್ರೇಮ್‌ನದು. ಅವನು ಅವತ್ತು ಮೈದಾನದಲ್ಲಿ ಕೊನೆಯ ಸಾಲಿನಲ್ಲಿ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ, ನಕ್ಕಿರಲಿಲ್ಲ. ಊಟಕ್ಕೂ ನಿಂತಿರಲಿಲ್ಲ.

ಹೋದ ಶನಿವಾರ ಬೆಳಿಗ್ಗೆ ಚಿಕ್ಕಮ್ಮನ ಅಂಗಳದಲ್ಲಿ ಕೂತಿದ್ದೆವು. ಗ್ರೇಮ್‌ನ ಗಾಡಿ ಬಂತು, ಹಿಂದೆ ಒಂದು ಟ್ರೇಲರು, ಅದರ ತುಂಬ ಕಲ್ಲು. ಇಳಿದವನು ಟೋಪಿ ತಿರುಗಿಸುತ್ತಾ ನಿಂತ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರಾದ್ದರಿಂದ ಚಿಕ್ಕಮ್ಮನಿಗೆ ಅವನ ಹತ್ತಿರ ಮುಲಾಜಿಲ್ಲ. "ಏನೋ ಗ್ರೇಮ್, ದಾರಿ ತಪ್ಪಿದೆಯಾ?" ಅಂದಳು. "ಮೇಯರ್ ನನಗೂ ಕೆಲಸ ಹಚ್ಚಿದ್ದಾರೆ ಹೇಜಲ್. ಹೊಂಡ ಹೇಗೆ ತೋಡೋದು ಅಂತ ನನಗೆ ಗೊತ್ತಿಲ್ಲ." "ಮನೇಲಿ ಜೆಸಿಬಿ ಇಟ್ಕೊಂಡು ಹೊಂಡ ತೋಡೋಕೆ ಬರಲ್ಲ ಅಂತೀಯಲ್ಲೋ!" ಅವನು ಆಗ ನಕ್ಕ. ಆಮೇಲೆ ಅವಳು ಒಂದೊಂದೇ ಕಲ್ಲನ್ನು ಇನ್ನೊಂದು ಕಲ್ಲಿನಿಂದ ಕುಟ್ಟಿ ಕಿವಿಗೊಟ್ಟು ಕೇಳಿದಳು. ಹಳ್ಳದ ಕಲ್ಲನ್ನೆಲ್ಲ ಎಸೆದಳು. ಅವು ನೀರು ಕುಡಿದಿರುತ್ತವೆ, ಬೆಂಕಿಗೆ ಹಾಕಿದರೆ ಸಿಡಿಯುತ್ತವೆ, ಮೇಯರ್‌ನ ಕಣ್ಣು ಹೋದರೆ ಮತ್ತೆ ನಾವು ಕ್ಷಮೆ ಕೇಳಬೇಕಾಗುತ್ತದೆ ಅಂತ ಅವಳ ಲೆಕ್ಕ. ಕಪ್ಪು ಕಲ್ಲುಗಳನ್ನು ಮಾತ್ರ ಒಂದು ಕಡೆ ಜೋಡಿಸಿದಳು. "ಇವು ಎಲ್ಲಿ ಸಿಕ್ಕಿದವು?" ಅಂತ ಕೇಳಿದಳು. ಗ್ರೇಮ್, "ನಮ್ಮ ಹಳೇ ಗೋಡೆಯವು" ಅಂದ.

ಆ ಗೋಡೆ ನಿನಗೆ ಗೊತ್ತಿರುವುದೇ. ಗದ್ದೆಯ ಕಲ್ಲನ್ನೆಲ್ಲ ಬರಿಗೈಯಲ್ಲಿ ಆರಿಸಿ ತಾತ ಮತ್ತು ಅವನ ಜೊತೆಯವರು ಕಟ್ಟಿದ ಗೋಡೆ. ಚಿಕ್ಕಮ್ಮ ಒಂದು ಕಲ್ಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಮಗುವಿನ ತಲೆ ಸವರುವ ಹಾಗೆ ಸವರಿದಳು. ಗ್ರೇಮ್, "ನಾನು ಆಗ ಹುಟ್ಟೇ ಇರಲಿಲ್ಲ ಹೇಜಲ್. ನಾನೇನು ಮಾಡಿದೆ ಅಂತ ಬಹಳ ವರ್ಷ ಕೇಳ್ಕೊಂಡಿದ್ದೀನಿ" ಅಂದ. ಚಿಕ್ಕಮ್ಮ ಆರಾಮಾಗಿ, "ನೀನು ಹುಟ್ಟೋ ಮುಂಚೆ ಕಟ್ಟಿದ ಗೋಡೆಯನ್ನ ನಿನ್ನದು ಅಂತೀಯಲ್ಲೋ. ಅದರ ಜೊತೆ ಬಂದದ್ದೂ ನಿನ್ನದೇ. ಬಿಸಿಲಲ್ಲಿ ನಿಂತ್ಕೋಬೇಡ, ಚಹಾ ಕುಡಿ" ಅಂದಳು. ಅವನು ಕುಡಿದ. ಹೊರಡುವಾಗ ನಾನು ಗೇಟಿನ ವಿಷಯ ಕೇಳಿದೆ. ವಕೀಲರನ್ನು ಕೇಳಬೇಕು, ವಿಮೆಯವರನ್ನು ಕೇಳಬೇಕು, ನೋಡೋಣ ಅಂದ. ಆ "ನೋಡೋಣ" ಎಷ್ಟು ಉದ್ದವಿರುತ್ತದೆ ಅಂತ ನಮ್ಮ ಮನೆಯವರಿಗೆ ಗೊತ್ತಿದೆ. ಇವತ್ತಿನವರೆಗೆ ಅವನಿಂದ ಬೇರೆ ಸುದ್ದಿ ಇಲ್ಲ.

ಅಷ್ಟಾದರೂ, ಯಾಕೋ ನನ್ನ ಮನಸ್ಸು ಹಗುರವಾಗಿದೆ. ಚಿಕ್ಕಮ್ಮನ ಅಂಗಳದಲ್ಲಿ ತಾತ ಎತ್ತಿದ ಕಲ್ಲುಗಳು ಸಾಲಾಗಿ ಬಿಸಿಲು ಕಾಯುತ್ತಿವೆ. ಪ್ರತಿ ಸಂಜೆ ಮೇಯರ್ ಬ್ರೆಂಡಾ ಬಂದು ಗೆಡ್ಡೆ ತುರಿಯುವುದನ್ನು ಕಲಿಯುತ್ತಿದ್ದಾರೆ. ಬೆರಳು ತುರಿದುಕೊಂಡದ್ದೇ ಹೆಚ್ಚು. "ಇದಕ್ಕಿಂತ ಭಾಷಣ ಸುಲಭವಿತ್ತು" ಅಂದರು ನಿನ್ನೆ. "ಅದಕ್ಕೇ ಇದನ್ನ ಹೇಳಿದ್ದು" ಅಂದಳು ಚಿಕ್ಕಮ್ಮ. ನಾನು ಮಾಡಿದ್ದು ತಪ್ಪಾಗಿದ್ದರೆ ಬೈದು ಒಂದು ಸಾಲು ಕಳಿಸು. ಸರಿಯಾಗಿದ್ದರೂ ಬೈ, ಹಂದಿಯ ಕಥೆ ಕೇಳುವಾಗ ನಿನ್ನ ಮೇಲೆ ರೇಗಿದ್ದಕ್ಕೆ.

ಹೊಸೇಯ ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ಹೇಳು. ಸಾಧ್ಯವಾದರೆ ಆ ಹಂದಿಗೂ ಹೇಳು, ಇನ್ನೂ ಬದುಕಿದ್ದರೆ. ನಿನ್ನ ಆಶೀರ್ವಾದ ಇರಲಿ.

ನಿನ್ನ ಮಗಳು,
ರೊವೇನಾ

ಸೋಮವಾರ ಸಂಜೆ, ಆತುರದಲ್ಲಿ. ಹುಡುಗ ಬಾಗಿಲಲ್ಲೇ ನಿಂತಿದ್ದಾನೆ. ಅಮ್ಮಾ, ಮಧ್ಯಾಹ್ನ ಗ್ರೇಮ್ ಮತ್ತೆ ಬಂದಿದ್ದ. ಟ್ರೇಲರಿನಲ್ಲಿ ಈ ಸಲ ಕಲ್ಲಲ್ಲ, ಆ ಗೇಟೇ ಇತ್ತು, ಬೀಗದ ಸಮೇತ! ಬಡಿಸುವುದಕ್ಕೆ ಉದ್ದನೆಯ ಮೇಜು ಬೇಕಾಗುತ್ತದೆ ಅಂತ ಮೇಯರ್ ಹೇಳಿದ್ದರಂತೆ. "ನಮ್ಮನೇಲಿ ಇಷ್ಟು ಉದ್ದದ್ದು ಇದೊಂದೇ ಇತ್ತು" ಅಂದ, ನಮ್ಮ ಮುಖ ನೋಡದೆ. ಈಗ ಅದು ಚಿಕ್ಕಮ್ಮನ ಅಂಗಳದಲ್ಲಿ ಎರಡು ಡ್ರಮ್ಮಿನ ಮೇಲೆ ಮಲಗಿದೆ, ಅವಳು ಉಜ್ಜಿ ತೊಳೆಯುತ್ತಿದ್ದಾಳೆ. ಅಡುಗೆ ಅಕ್ಟೋಬರ್ ಮೊದಲ ಶನಿವಾರ. ಊಟ ಯಾವಾಗ ಅಂತ ಯಾರು ಹೇಳುತ್ತಾರೆ ಅಂತ ಮೇಯರ್ ಕೇಳಿದರು. ನೊಂದ ಮನೆಯ ಹಿರಿಯಳು, ಅಂದೆ. ಅದು ನೀನು. ಇಲ್ಲಿ ಅವರಿಗೆ ಕೆಂಪು ಚಾಪೆ ಸಿಗುವುದಿಲ್ಲ, ಅಲ್ಲಿಂದ ಒಂದು ತಾ, ಸ್ವೆಟರ್ ಹಾಕ್ಕೊಂಡು ಬಾ, ಬೇಕಾದರೆ ಅವರನ್ನೆಲ್ಲ ಸಂಜೆಯವರೆಗೂ ಕಾಯಿಸು. ನಾನು ಈಗಷ್ಟೇ ತಾತನ ಹತ್ತಿರ ಹೋಗಿ ಬಂದೆ. ಕಬ್ಬು ಕಟಾವಾಗಿದೆ, ದೂರದಿಂದಲೇ ಮರ ಕಾಣುತ್ತದೆ. ಮೈತುಂಬ ಹೂ ಬಿಟ್ಟಿದೆ. ಯಾರನ್ನೂ ಏನೂ ಕೇಳಬೇಕಾಗಲಿಲ್ಲ ಅಮ್ಮಾ, ಸುಮ್ಮನೆ ನಡೆದುಕೊಂಡು ಹೋದೆ.